ಶುಕ್ರವಾರ ರಾತ್ರಿ ಮುಚ್ಚಿ, ಸೋಮವಾರ ಬೆಳಗ್ಗೆ ತೆರೆದ ಸೇತುವೆಗಳು

ಎಲ್ಲರಿಗೂ ನಮಸ್ಕಾರ.

ಸೇತುವೆಯ ಖರ್ಚು ಎಂದ ಕೂಡಲೇ ನಾವು ಸಿಮೆಂಟು, ಕಬ್ಬಿಣ, ಕೂಲಿ ಎಂದು ಲೆಕ್ಕ ಹಾಕುತ್ತೇವೆ. ಕಾಮಗಾರಿ ಮುಗಿಯುವತನಕ ಸುತ್ತಿ ಬಳಸಿ ಓಡುವ ಬಸ್ಸು, ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳುವ ಆಂಬುಲೆನ್ಸು, ಗಿರಾಕಿಯಿಲ್ಲದೆ ಬಾಗಿಲು ಹಾಕುವ ಅಂಗಡಿ ಅಂದಾಜುಪಟ್ಟಿಗೆ ಬರುವುದೇ ಇಲ್ಲ. ಅದನ್ನೂ ಸೇರಿಸಿದರೆ ಕಟ್ಟುವ ಕ್ರಮವನ್ನೇ ಬದಲಿಸಬೇಕಾಗುತ್ತದೆ ಎಂಬುದು ನನ್ನ ವಾದ.

ಅಮೆರಿಕದ ಬಾಸ್ಟನ್ ಪಕ್ಕದ ಮೆಡ್‌ಫರ್ಡ್‌ನಲ್ಲಿ ಐ-93 ಹೆದ್ದಾರಿ ಹಾದುಹೋಗುತ್ತದೆ. 2010ರಲ್ಲಿ ಅಲ್ಲಿನ ಒಂದು ಹಳೆಯ ಸೇತುವೆಯ ಸ್ಲ್ಯಾಬ್ ಕುಸಿದು ತೂತು ಬಿತ್ತು. ಒಟ್ಟು 14 ಸೇತುವೆಗಳ ಮೇಲ್ಭಾಗ ಬದಲಿಸಬೇಕಿತ್ತು. ಹಳೆಯ ಕ್ರಮದಲ್ಲಾದರೆ ವರ್ಷಗಟ್ಟಲೆ ಹಿಡಿಯುವ ಕೆಲಸ. 2011ರ ಬೇಸಿಗೆಯಲ್ಲಿ 10 ವಾರಾಂತ್ಯಗಳಲ್ಲಿ ಮುಗಿಯಿತು. ವಾರಾಂತ್ಯಕ್ಕೆ ಸಿಗುತ್ತಿದ್ದದ್ದು 55 ಗಂಟೆ. ಶುಕ್ರವಾರ ರಾತ್ರಿ ಒಂದು ಬದಿ ಮುಚ್ಚಿ, ಎರಡೂ ದಿಕ್ಕಿನ ವಾಹನಗಳನ್ನು ಇನ್ನೊಂದು ಬದಿಗೆ ತಿರುಗಿಸಿ ಹಳೆಯದನ್ನು ಒಡೆಯುತ್ತಿದ್ದರು. ಆಮೇಲೆ, ಮೊದಲೇ ಸ್ಲ್ಯಾಬ್ ಹಾಕಿಸಿಕೊಂಡು ಬಂದ ಜೋಡಿ ಉಕ್ಕಿನ ಗರ್ಡರುಗಳನ್ನು (ಉದ್ದನೆಯ ತೊಲೆಗಳನ್ನು) ಕ್ರೇನಿನಿಂದ ಎತ್ತಿ ಕೂರಿಸುತ್ತಿದ್ದರು. ಸೋಮವಾರ ಬೆಳಗ್ಗೆ ಜನ ಅದೇ ಸೇತುವೆ ಮೇಲೆ ಕೆಲಸಕ್ಕೆ ಹೋಗುತ್ತಿದ್ದರು. ಕೆಳಗಿನ ಕಂಬಗಳ ರಿಪೇರಿಯನ್ನು ಮುಂಚೆಯೇ ಮುಗಿಸಿಟ್ಟುಕೊಂಡಿದ್ದರು ಎಂಬುದನ್ನು ಮರೆಯಬಾರದು. ವೇಗ ಬಂದದ್ದು ಆ ತಯಾರಿಯಿಂದ.

ಇಲ್ಲಿ ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಜಾಯಿಂಟು. ಎರಡು ತುಂಡುಗಳನ್ನು ಅಕ್ಕಪಕ್ಕ ಇಟ್ಟಾಗ ನಡುವೆ ಕಿರಿದಾದ ಸಂದು ಉಳಿಯುತ್ತದೆ. ಎರಡೂ ಕಡೆಯ ಕಬ್ಬಿಣದ ಸರಳುಗಳು ಅದರೊಳಕ್ಕೆ ಚಾಚಿಕೊಂಡಿರುತ್ತವೆ. ಕೆಲವೇ ಗಂಟೆಗಳಲ್ಲಿ ಬಲ ಪಡೆಯುವ ವಿಶೇಷ ಕಾಂಕ್ರೀಟನ್ನು ಅಲ್ಲಿಗೆ ತುಂಬುತ್ತಾರೆ. ಅಲ್ಲಿ ಒಂದು ಕೂದಲೆಳೆ ಬಿರುಕು ಬಿಟ್ಟರೂ ನೀರಿಳಿಯುತ್ತದೆ. ಹಿಮ ಕರಗಿಸಲು ಉಪ್ಪು ಎರಚುವ ಊರಿನಲ್ಲಂತೂ ಸರಳು ಬೇಗ ತುಕ್ಕು ಹಿಡಿಯುತ್ತದೆ. ಅವಸರದ ಕೆಲಸದಲ್ಲಿ ಅವಸರ ಮಾಡಲೇಬಾರದ ಜಾಗ ಇದು.

ಬಾಸ್ಟನ್ನಿನ ಕಾಮನ್‌ವೆಲ್ತ್ ಅವೆನ್ಯೂ ಸೇತುವೆ ಇನ್ನೂ ಕಷ್ಟದ್ದು. ಮೇಲೆ ರಸ್ತೆಯ ಜೊತೆಗೆ ಗ್ರೀನ್ ಲೈನ್ ಟ್ರಾಮ್, ಕೆಳಗೆ ಐ-90 ಹೆದ್ದಾರಿ ಮತ್ತು ರೈಲು ಹಳಿ. ಅರ್ಧ ಭಾಗ 2017ರ ಬೇಸಿಗೆಯಲ್ಲಿ, ಉಳಿದರ್ಧ 2018ರಲ್ಲಿ. ಕೆಲಸ ನಡೆದ ವಾರಗಳಲ್ಲಿ ಟ್ರಾಮ್ ನಿಲ್ಲಿಸಿ ಅಷ್ಟು ದೂರಕ್ಕೆ ಬಸ್ ಬಿಟ್ಟರು. ತೊಂದರೆ ಆಗಲೇ ಇಲ್ಲ ಎಂದಲ್ಲ. ಆದರೆ ಯಾವಾಗ ಶುರು, ಯಾವಾಗ ಮುಗಿಯುತ್ತದೆ ಎಂಬುದು ಜನರಿಗೆ ಮೊದಲೇ ಗೊತ್ತಿತ್ತು. ನನಗೆ ಇದೇ ದೊಡ್ಡದು.

ನಮ್ಮಲ್ಲಿ ಈ ವಿದ್ಯೆ ಇಲ್ಲವೇ? ಇದೆ. ನಮ್ಮ ಮೆಟ್ರೋದ ಎತ್ತರಿಸಿದ ಮಾರ್ಗದ ತುಂಡುಗಳು ಯಾರ್ಡಿನಲ್ಲಿ ತಯಾರಾಗಿ ಟ್ರೈಲರುಗಳಲ್ಲಿ ಬಂದವು. ರೈಲ್ವೆಯವರು ಕೆಲವು ಗಂಟೆಗಳ ಬ್ಲಾಕ್, ಅಂದರೆ ರೈಲು ಓಡಾಟ ನಿಲ್ಲಿಸುವ ಅನುಮತಿ ಪಡೆದು, ಹಳಿ ಬಿಚ್ಚಿ, ಮಣ್ಣು ತೆಗೆದು, ಕಾಂಕ್ರೀಟ್ ಬಾಕ್ಸುಗಳನ್ನು ಇಳಿಸಿ ಕೆಳಸೇತುವೆ ಮಾಡಿ, ಮತ್ತೆ ರೈಲು ಓಡಿಸುತ್ತಾರೆ. ಆದರೆ ಭೂಸ್ವಾಧೀನ ಮುಗಿಯದಿದ್ದರೆ, ನೀರಿನ ಪೈಪು, ಕರೆಂಟಿನ ಕೇಬಲ್ಲು ಸ್ಥಳಾಂತರವಾಗದಿದ್ದರೆ ಸಿದ್ಧವಾದ ತುಂಡುಗಳೂ ಯಾರ್ಡಿನಲ್ಲೇ ಬಿದ್ದಿರಬೇಕು. ಆದ್ದರಿಂದ ಅವೆರಡೂ ಮುಗಿಯುವ ಮುನ್ನ ಮೇಲ್ಸೇತುವೆಗೆ ಕಾರ್ಯಾದೇಶ ಕೊಡಬಾರದು. ರಸ್ತೆಯನ್ನು ಎಷ್ಟು ಗಂಟೆ ಮುಚ್ಚಬಹುದೆಂದು ಟೆಂಡರಿನಲ್ಲೇ ಬರೆಯಬೇಕು, ಮೀರಿದ ಪ್ರತಿ ಗಂಟೆಗೂ ದಂಡ ಇರಬೇಕು. ನಿಮ್ಮೂರಿನಲ್ಲಿ ಸೇತುವೆಯ ಗುದ್ದಲಿಪೂಜೆಗೆ ಕರೆದಾಗ ದಯವಿಟ್ಟು ಆ ಗಂಟೆಗಳ ಲೆಕ್ಕ ಕೇಳಿ.