ಡ್ರೈವರೂ ಒಂದು ಸ್ಪೇರ್ ಪಾರ್ಟೇ

ಎಲ್ಲರಿಗೂ ನಮಸ್ಕಾರ.

ನಮ್ಮ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ, ಇಪ್ಪತ್ತು ವರ್ಷದ ಹಳೇ ಸ್ಕೂಟರ್‌ಗೆ ಕ್ಲಚ್ ಕೇಬಲ್ ಕೇಳಿ ನೋಡಿ. ಅಂಗಡಿಯವರು ಗಾಡಿ ಯಾವುದು, ಯಾವ ಮಾಡೆಲ್ ಅಂತ ಕೇಳುತ್ತಾರೆ. ಒಳಗೆ ಹೋಗಿ, ಧೂಳು ಕೊಡವಿ, ತಂದು ಕೈಗೆ ಕೊಡುತ್ತಾರೆ. ಅವರ ಹತ್ತಿರ ಇಲ್ಲದಿದ್ದರೆ "ಆ ಮೂಲೆ ಅಂಗಡೀಲಿ ಕೇಳಿ ಸಾರ್" ಎಂದು ದಾರಿ ತೋರಿಸುತ್ತಾರೆ. ಅಲ್ಲಿಂದ ಎಸ್.ಪಿ. ರಸ್ತೆ ನಡೆದು ಹೋಗುವಷ್ಟೇ ದೂರ. ಅಲ್ಲಿ ಹಳೇ ರ‍್ಯಾಮ್ ಸಿಗುತ್ತದೆ, ಹಳೇ ಲ್ಯಾಪ್‌ಟಾಪಿನ ಚಾರ್ಜರ್ ಸಿಗುತ್ತದೆ, ಪ್ರಿಂಟರಿನ ರೋಲರ್ ಕೂಡ ಸಿಗುತ್ತದೆ. ಆದರೆ ಅದೇ ಪ್ರಿಂಟರ್ ಓಡುವುದಕ್ಕೆ ಬೇಕಾದ ಒಂದು ಫೈಲ್ ಇದೆಯಲ್ಲ, ದುಡ್ಡು ಕೊಡುತ್ತೇನೆ ಅಂದರೂ ಅದು ಈ ಎರಡು ರಸ್ತೆಗಳಲ್ಲಿ ಸಿಗುವುದಿಲ್ಲ. ಅದು ಡ್ರೈವರ್. ಕಂಪನಿ ಕೊಟ್ಟರೆ ಉಂಟು, ಕೊಡದಿದ್ದರೆ ಇಲ್ಲ.

ನನಗೆ ಇದು ತುಂಬಾ ಬೇಜಾರಿನ ವಿಷಯ. ಯಾಕೆ ಅಂತ ಹೇಳುತ್ತೇನೆ.

ಹನುಮಂತನಗರದಲ್ಲಿ ನಮ್ಮ ಚಿಕ್ಕಮ್ಮ ಇದ್ದಾರೆ. ಮನೆಯಲ್ಲೇ ಮಕ್ಕಳಿಗೆ ಟ್ಯೂಷನ್ ಹೇಳುತ್ತಾರೆ. ಕಂಪ್ಯೂಟರ್ 2019ರಲ್ಲಿ ಜೋಡಿಸಿದ್ದು. ಪ್ರಿಂಟರ್ ಅದಕ್ಕಿಂತ ಹಳೆಯದು, 2014ರದ್ದು. ಪ್ರಿಂಟ್, ಸ್ಕ್ಯಾನ್, ಜೆರಾಕ್ಸ್ ಮೂರೂ ಒಂದರಲ್ಲೇ. ದಿನಾ ಸಂಜೆ ಅದರಲ್ಲಿ ಲೆಕ್ಕದ ಹಾಳೆಗಳು ಪ್ರಿಂಟ್ ಆಗುತ್ತವೆ. ಮಕ್ಕಳು ಬರೆದ ಉತ್ತರ ಸ್ಕ್ಯಾನ್ ಆಗಿ ಅಪ್ಪ ಅಮ್ಮಂದಿರ ವಾಟ್ಸಾಪ್‌ಗೆ ಹೋಗುತ್ತದೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಪರದೆಯ ಮೇಲೆ ಪದೇ ಪದೇ ಸೂಚನೆ ಬಂತು. ಚಿಕ್ಕಮ್ಮ ಒಂದು ಶನಿವಾರ ಧೈರ್ಯ ಮಾಡಿ ವಿಂಡೋಸ್ 11ಕ್ಕೆ ಒಪ್ಪಿಗೆ ಕೊಟ್ಟರು. ಮೆಷಿನ್ ಮತ್ತೆ ಶುರುವಾದಾಗ ಸೌಂಡ್ ಇಲ್ಲ, ವೈಫೈ ಇಲ್ಲ, ಪ್ರಿಂಟರ್ ಅನ್ನುವ ಹೆಸರೇ ಇಲ್ಲ.

ಒಂದು ಅಂಗಡಿಯಲ್ಲಿ ವಿಚಾರಿಸಿದರು. "ಮೇಡಂ, ಹಳೇದು, ಬೋರ್ಡ್ ಹೋಗಿರುತ್ತೆ, ಹೊಸದು ತಗೊಳ್ಳಿ" ಅಂದರಂತೆ. ಮೆಷಿನ್ ನೋಡದೆಯೇ! ಹೊಸ ಪ್ರಿಂಟರಿಗೆ ಮುಂಗಡ ಕೊಡೋಣ ಅಂತ ಹೊರಟಿದ್ದರು. ಅದಕ್ಕೆ ಮೊದಲು, ಯಾವುದಕ್ಕೂ ಇರಲಿ ಅಂತ ನನಗೆ ಫೋನ್ ಮಾಡಿದರು.

ಭಾನುವಾರ ಸಂಜೆ ಹೋದೆ. "ಚಿಕ್ಕಮ್ಮ, ಅಪ್‌ಗ್ರೇಡ್ ಮಾಡಿ ಎಷ್ಟು ದಿನ ಆಯ್ತು?" "ಹೋದ ಶನಿವಾರ ಕಣೋ. ಎಂಟು ದಿನ ಆಯ್ತು." ಆ ಎಂಟು ಅನ್ನುವ ಲೆಕ್ಕ ಆಮೇಲೆ ನಮ್ಮ ಕೈ ಹಿಡಿಯಿತು. ಹೇಗೆ ಅಂತ ಬರುತ್ತೇನೆ.

ನಾನು ಮೊದಲು ಕಂಪ್ಯೂಟರ್ ಮುಟ್ಟಲೇ ಇಲ್ಲ. ಪ್ರಿಂಟರಿನ ಗಾಜಿನ ಮೇಲೆ ಆ ದಿನದ ಪೇಪರ್ ಇಟ್ಟು ಜೆರಾಕ್ಸ್ ಬಟನ್ ಒತ್ತಿದೆ. ಗರ್ ಅಂತ ಒಂದು ಸದ್ದು. ಬೆಳಕು ಈ ಕಡೆಯಿಂದ ಆ ಕಡೆಗೆ ಸರಿಯಿತು. ಕಾಗದ ಎಳೆದುಕೊಂಡಿತು. ಅಚ್ಚುಕಟ್ಟಾದ ಕಾಪಿ ಈಚೆಗೆ ಬಂತು. ಚಿಕ್ಕಮ್ಮ ಅದನ್ನು ಕೈಗೆ ತಗೊಂಡು ನೋಡುತ್ತಾ ನಿಂತರು. ಸ್ಕ್ಯಾನ್ ಮಾಡುವ ಗಾಜು ಸರಿಯಾಗಿದೆ, ಮುದ್ರಿಸುವ ಹೆಡ್ ಸರಿಯಾಗಿದೆ, ಬೋರ್ಡೂ ಸರಿಯಾಗಿದೆ. ಇಲ್ಲದಿದ್ದರೆ ಆ ಕಾಪಿ ಬರುವುದಾದರೂ ಹೇಗೆ? ಕಂಪ್ಯೂಟರಿಗೂ ಪ್ರಿಂಟರಿಗೂ ಮಾತು ನಿಂತಿದೆ, ಅಷ್ಟೇ. ಇಬ್ಬರ ನಡುವೆ ಮಾತು ಮುಟ್ಟಿಸುತ್ತಿದ್ದ ಡ್ರೈವರ್ ಇಲ್ಲವಾಗಿದೆ.

ರಿಪೇರಿ ಅಂಗಡಿ ನಡೆಸುವವರು ಯಾರಾದರೂ ಇದನ್ನು ಕೇಳುತ್ತಿದ್ದರೆ, ಕೈಮುಗಿದು ಕೇಳುತ್ತೇನೆ. ಹೊಸದು ತಗೊಳ್ಳಿ ಅನ್ನುವ ಮೊದಲು ಆ ಜೆರಾಕ್ಸ್ ಬಟನ್ ಒಂದು ಸಲ ಒತ್ತಿ ನೋಡಿ. ಅರ್ಧ ನಿಮಿಷದ ಕೆಲಸ. ಎದುರಿಗೆ ನಿಂತವರಿಗೆ ಅದು ಒಂದು ತಿಂಗಳ ಟ್ಯೂಷನ್ ದುಡ್ಡು.

ಈಗ ವೈಫೈ. ಡ್ರೈವರ್ ಡೌನ್‌ಲೋಡ್ ಮಾಡಬೇಕು ಅಂದರೆ ಇಂಟರ್‌ನೆಟ್ ಬೇಕು. ಇಂಟರ್‌ನೆಟ್ ಬೇಕು ಅಂದರೆ ವೈಫೈ ಡ್ರೈವರ್ ಬೇಕು. ಎಷ್ಟೋ ಜನ ಇಲ್ಲೇ ಸೋತು ಕೈಬಿಡುತ್ತಾರೆ. ಆಂಡ್ರಾಯ್ಡ್ ಫೋನನ್ನು ಚಾರ್ಜಿಂಗ್ ಕೇಬಲ್‌ನಲ್ಲೇ ಕಂಪ್ಯೂಟರಿಗೆ ಸಿಕ್ಕಿಸಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಸಾಮಾನ್ಯವಾಗಿ ಇದಕ್ಕೆ ಬೇಕಾದ ಡ್ರೈವರ್ ವಿಂಡೋಸ್ ಒಳಗೇ ಇರುತ್ತದೆ. ನಮಗೆ ಹಾಗೇ ನೆಟ್ ಬಂತು. ಆಮೇಲೆ ವಿಂಡೋಸ್ ಅಪ್‌ಡೇಟ್, ಅಲ್ಲಿ ಅಡ್ವಾನ್ಸ್ಡ್ ಆಪ್ಷನ್ಸ್, ಅಲ್ಲಿ ಆಪ್ಷನಲ್ ಅಪ್‌ಡೇಟ್ಸ್. ವೈಫೈ ಡ್ರೈವರ್ ಅಲ್ಲೇ ಕೂತಿತ್ತು. ತಾನಾಗಿ ಇನ್‌ಸ್ಟಾಲ್ ಆಗದೆ, ನಾವು ಟಿಕ್ ಹಾಕಲಿ ಅಂತ ಕಾಯುತ್ತಿತ್ತು. ಈ ಜಾಗವನ್ನು ಇಷ್ಟು ಒಳಗೆ ಯಾಕೆ ಬಚ್ಚಿಟ್ಟಿದ್ದಾರೋ!

ಸೌಂಡ್ ವಿಷಯಕ್ಕೆ, ಕಂಪ್ಯೂಟರಿನ ಭಾಗಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರ್ ತೆರೆದೆವು. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಸಿಗುತ್ತದೆ. ಹಳದಿ ತ್ರಿಕೋನದಲ್ಲಿ ಆಶ್ಚರ್ಯಸೂಚಕ ಚಿಹ್ನೆ ಇದ್ದರೆ ತೊಂದರೆ ಅಲ್ಲಿದೆ ಅಂತ ಅರ್ಥ. ಪ್ರಾಪರ್ಟೀಸ್‌ನಲ್ಲಿ ಕೋಡ್ 28 ಅಂತಿದ್ದರೆ ಡ್ರೈವರ್ರೇ ಇನ್‌ಸ್ಟಾಲ್ ಆಗಿಲ್ಲ. ಕೋಡ್ 10 ಅಂತಿದ್ದರೆ ಆ ಡಿವೈಸ್ ಶುರುವಾಗುತ್ತಿಲ್ಲ. ಅಲ್ಲೇ ಡೀಟೇಲ್ಸ್ ಅನ್ನುವ ಟ್ಯಾಬ್ ಇದೆ. ಅದರಲ್ಲಿ ಹಾರ್ಡ್‌ವೇರ್ ಐಡಿಸ್ ಆರಿಸಿ. ಒಂದು ಉದ್ದನೆಯ ಸಾಲು ಬರುತ್ತದೆ. ನೋಡಿ ಗಾಬರಿ ಆಗಬೇಡಿ. ಅದು ಗಾಡಿಯ ಚಾಸಿ ನಂಬರ್ ಇದ್ದ ಹಾಗೆ. "ವೆನ್" ಅಂದರೆ ವೆಂಡರ್, ತಯಾರಿಸಿದ ಕಂಪನಿ. ಅದು ಇರುವ ಕಡೆ 10ಇಸಿ ಅಂತಿದ್ದರೆ ಅದು ರಿಯಲ್‌ಟೆಕ್. 10ಡಿಇ ಅಂತಿದ್ದರೆ ಎನ್‌ವಿಡಿಯಾ. 8086 ಅಂತಿದ್ದರೆ ಇಂಟೆಲ್. ಇಂಟೆಲ್ 1978ರಲ್ಲಿ ತಂದ ಪ್ರೊಸೆಸರಿನ ನಂಬರೂ ಇದೇ 8086. ಹೊಸ ಮೆಷಿನ್‌ಗಳ ಒಳಗೂ ಆ ಹಳೇ ಅಂಕಿ ಇವತ್ತಿಗೂ ಇದೆ, ನನಗೆ ಅದನ್ನು ನೋಡಿದಾಗಲೆಲ್ಲ ಖುಷಿ ಆಗುತ್ತದೆ. "ಅನ್‌ನೋನ್ ಡಿವೈಸ್" ಅಂತ ತೋರಿಸಿದರೂ ಈ ಸಾಲು ನಿಜ ಹೇಳುತ್ತದೆ. ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್ ಅನ್ನುವ ವೆಬ್‌ಸೈಟಿನಲ್ಲಿ ಈ ಐಡಿ ಹಾಕಿಯೂ ಹುಡುಕಬಹುದು.

ನಮಗೆ ಅಷ್ಟು ದೂರ ಹೋಗಬೇಕಾಗಲಿಲ್ಲ. ಅಪ್‌ಡೇಟ್ ಡ್ರೈವರ್ ಒತ್ತಿ, ಕಂಪ್ಯೂಟರಿನಲ್ಲೇ ಇರುವ ಪಟ್ಟಿಯಿಂದ "ಹೈ ಡೆಫಿನಿಷನ್ ಆಡಿಯೋ ಡಿವೈಸ್" ಅನ್ನುವ ಮೈಕ್ರೋಸಾಫ್ಟಿನ ಸಾಮಾನ್ಯ ಡ್ರೈವರ್ ಆರಿಸಿದೆವು. ಸೌಂಡ್ ಬಂತು.

ಉಳಿದಿದ್ದು ಪ್ರಿಂಟರ್. ಇದು ಎರಡು ಗಂಟೆ ತಗೊಂಡಿತು.

ಕಂಪನಿಯ ವೆಬ್‌ಸೈಟಿಗೆ ಹೋದರೆ, ಅದು ನಮ್ಮ ಕಂಪ್ಯೂಟರನ್ನು ತಾನೇ ಗುರುತಿಸಿ "ನಿಮ್ಮ ಆಪರೇಟಿಂಗ್ ಸಿಸ್ಟಮ್‌ಗೆ ಸಾಫ್ಟ್‌ವೇರ್ ಇಲ್ಲ" ಅಂತ ಹೇಳಿತು. ಬಹಳ ಜನ ಇಲ್ಲಿಗೆ ಪುಟ ಮುಚ್ಚಿಬಿಡುತ್ತಾರೆ. ಮುಚ್ಚಬೇಡಿ. ಅಲ್ಲೇ ಒಂದು ಸಣ್ಣ ಪಟ್ಟಿ ಇರುತ್ತದೆ, ವಿಂಡೋಸ್ 11 ಇರುವ ಕಡೆ ವಿಂಡೋಸ್ 10, 64 ಬಿಟ್ ಅಂತ ಬದಲಾಯಿಸಿ. ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ. ಹಾಗಾಗಿ ಹತ್ತರ 64 ಬಿಟ್ ಡ್ರೈವರ್ ಹನ್ನೊಂದರಲ್ಲೂ ಬಹಳ ಸಲ ನಡೆಯುತ್ತದೆ. 32 ಬಿಟ್‌ದು ಮಾತ್ರ ಏನು ಮಾಡಿದರೂ ನಡೆಯುವುದಿಲ್ಲ. ನಮಗೆ ಪ್ರಿಂಟ್ ಮಾಡುವ ಡ್ರೈವರ್ ಸಿಕ್ಕಿತು. ಸ್ಕ್ಯಾನರಿನ ಡ್ರೈವರ್ ಮಾತ್ರ ಇರಲಿಲ್ಲ. ಮೊದಲು ಇದ್ದ ಕೊಂಡಿ ಒತ್ತಿದರೆ ಖಾಲಿ ಪುಟ. ತೆಗೆದುಹಾಕಿದ್ದರು.

ಈ ಹೊತ್ತಿಗೆ ಎಂಟು ದಿನದ ಲೆಕ್ಕ ನೆನಪಾಯಿತು. ವಿಂಡೋಸ್ ಅಪ್‌ಗ್ರೇಡ್ ಆದಾಗ ಹಳೇ ವಿಂಡೋಸನ್ನು ತಕ್ಷಣ ಅಳಿಸುವುದಿಲ್ಲ. ಸಿ ಡ್ರೈವಿನಲ್ಲಿ ವಿಂಡೋಸ್ ಡಾಟ್ ಓಲ್ಡ್ ಅನ್ನುವ ಫೋಲ್ಡರಿನಲ್ಲಿ ಹತ್ತು ದಿನ ಇಟ್ಟಿರುತ್ತದೆ. ಆಮೇಲೆ ತಾನೇ ತೆಗೆದುಹಾಕುತ್ತದೆ. ಬೇಡವಾದರೆ ವಾಪಸ್ ಹೋಗಲಿ ಅಂತ ಆ ಹತ್ತು ದಿನ. ರಿಕವರಿ ಸೆಟ್ಟಿಂಗ್ಸ್‌ನಲ್ಲಿ ಗೋ ಬ್ಯಾಕ್ ಅಂತ ಇರುವುದು ಅದಕ್ಕೇ. ನಮಗೆ ಬೇಕಿದ್ದ ಡ್ರೈವರ್ ಎಂಟು ದಿನದ ಹಿಂದಿನವರೆಗೂ ಅದೇ ಮೆಷಿನ್‌ನಲ್ಲಿ ಕೆಲಸ ಮಾಡುತ್ತಿತ್ತಲ್ವಾ? ಹಾಗಾದರೆ ಅದು ಇಲ್ಲೇ ಇರಬೇಕು.

ಡಿವೈಸ್ ಮ್ಯಾನೇಜರಿನಲ್ಲಿ ಸ್ಕ್ಯಾನರ್ ಮೇಲೆ ರೈಟ್ ಕ್ಲಿಕ್, ಅಪ್‌ಡೇಟ್ ಡ್ರೈವರ್, ಬ್ರೌಸ್. ವಿಂಡೋಸ್ ಡಾಟ್ ಓಲ್ಡ್ ಒಳಗೆ ವಿಂಡೋಸ್, ಅದರೊಳಗೆ ಸಿಸ್ಟಮ್32, ಅದರೊಳಗೆ ಡ್ರೈವರ್‌ಸ್ಟೋರ್, ಅದರೊಳಗೆ ಫೈಲ್‌ರೆಪಾಸಿಟರಿ. ಕೆಳಗೆ "ಇನ್‌ಕ್ಲೂಡ್ ಸಬ್‌ಫೋಲ್ಡರ್ಸ್" ಟಿಕ್ ಇರಲೇಬೇಕು. ನೆಕ್ಸ್ಟ್ ಒತ್ತಿದೆ. ಹಸಿರು ಗೆರೆ ನಿಧಾನವಾಗಿ ಓಡಿತು. ಚಿಕ್ಕಮ್ಮ ಒಳಗೆ ಕಾಫಿ ಸೋಸುತ್ತಿದ್ದರು. ಹಳದಿ ತ್ರಿಕೋನ ಮಾಯವಾಯಿತು. "ಚಿಕ್ಕಮ್ಮ, ಬನ್ನಿ ಇಲ್ಲಿ" ಅಂತ ಕೂಗಿದೆ. ಗ್ಲಾಸ್ ಕೈಯಲ್ಲೇ ಹಿಡಿದುಕೊಂಡು ಬಂದರು. ಯಾವುದೋ ಮಗುವಿನ ಭಿನ್ನರಾಶಿ ಲೆಕ್ಕದ ಹಾಳೆ ಪರದೆಯ ಮೇಲೆ ಸಾಲು ಸಾಲಾಗಿ ಮೂಡುತ್ತಿತ್ತು.

ಇನ್ನು ಮೂರು ದಿನ ತಡವಾಗಿದ್ದರೆ ಆ ಫೋಲ್ಡರ್ ಇರುತ್ತಿರಲಿಲ್ಲ. ಚೆನ್ನಾಗಿರುವ ಒಂದು ಮೆಷಿನ್ ಗುಜರಿಗೆ ಹೋಗುತ್ತಿತ್ತು. ಕಾರಣ ಇಷ್ಟೇ, ಯಾರೋ ಒಬ್ಬರು ಸರ್ವರಿನಿಂದ ಒಂದು ಫೈಲ್ ತೆಗೆದರು.

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಡ್ರೈವರ್ ಒಂದು ಸ್ಪೇರ್ ಪಾರ್ಟ್. ಗ್ರಾಹಕ ಪ್ರಿಂಟರ್ ಕೊಂಡಾಗ ಅದರ ದುಡ್ಡೂ ಕೊಟ್ಟಿರುತ್ತಾನೆ. ಗೋಡೌನ್ ಬೇಡ, ಲಾರಿ ಬೇಡ, ಸುಮ್ನೆ ಒಂದು ಸರ್ವರಿನಲ್ಲಿ ಬಿಟ್ಟರೆ ಸಾಕು. ಹೊಸ ವಿಂಡೋಸ್‌ನಲ್ಲಿ ಪರೀಕ್ಷೆ ಮಾಡಿಲ್ಲ ಅಂತ ಪಕ್ಕದಲ್ಲಿ ಬರೆಯಿರಿ, ಅದು ನ್ಯಾಯ. ಅಳಿಸಿಹಾಕುವುದು ನ್ಯಾಯ ಅಲ್ಲ. ನಮ್ಮ ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ರೈಟ್ ಟು ರಿಪೇರ್ ಪೋರ್ಟಲ್ ತೆರೆಯಿತು. ಮೊಬೈಲ್, ಎಲೆಕ್ಟ್ರಾನಿಕ್ಸ್, ವಾಹನ, ಕೃಷಿ ಉಪಕರಣ ಇವುಗಳ ರಿಪೇರಿ ಮಾಹಿತಿ ಒಂದೇ ಕಡೆ ಸಿಗಲಿ ಅಂತ. ಒಳ್ಳೆಯ ಕೆಲಸ. ಅಲ್ಲಿ ಡ್ರೈವರನ್ನೂ ಬಿಡಿಭಾಗ ಅಂತಲೇ ಲೆಕ್ಕಕ್ಕೆ ತಗೋಬೇಕು ಅನ್ನುವುದು ನನ್ನ ಒತ್ತಾಯ. ಈಗಂತೂ ಇದು ಇನ್ನೂ ಮುಖ್ಯ. ಪ್ರಿಂಟರ್ ಕಂಪನಿಗಳ ಡ್ರೈವರ್‌ಗಳನ್ನು ವಿಂಡೋಸ್ ಅಪ್‌ಡೇಟ್ ಮೂಲಕ ಕೊಡುವುದನ್ನು ಹಂತ ಹಂತವಾಗಿ ನಿಲ್ಲಿಸುವುದಾಗಿ ಮೈಕ್ರೋಸಾಫ್ಟ್ 2023ರಲ್ಲೇ ಹೇಳಿದೆ. ಹೊಸ ಪ್ರಿಂಟರ್‌ಗಳಲ್ಲಿ ಹೆಚ್ಚಿನವಕ್ಕೆ ತೊಂದರೆ ಇಲ್ಲ, ಅವು ಸಾಮಾನ್ಯ ಡ್ರೈವರಿನಲ್ಲೇ ಓಡುತ್ತವೆ. ಹಳೇದರ ಗತಿ?

ಹಳೇ ಡ್ರೈವರ್‌ಗಳಲ್ಲಿ ಭದ್ರತೆಯ ತೊಂದರೆ ಇದೆ ಅಂತ ಕಂಪನಿಗಳು ಹೇಳುತ್ತವೆ. ಆ ಮಾತಿನಲ್ಲಿ ಹುರುಳಿದೆ. ಎಷ್ಟೋ ಡ್ರೈವರ್‌ಗಳು ವಿಂಡೋಸ್‌ನ ತೀರಾ ಒಳಗೆ, ಕರ್ನಲ್‌ನಲ್ಲಿ ಕೆಲಸ ಮಾಡುತ್ತವೆ. ಅಲ್ಲಿ ತಪ್ಪಾದರೆ ಇಡೀ ಮೆಷಿನ್ ಬೀಳುತ್ತದೆ. 2024ರ ಜುಲೈ 19 ನೆನಪಿದೆಯಾ? ಕ್ರೌಡ್‌ಸ್ಟ್ರೈಕ್ ಅನ್ನುವ ಭದ್ರತಾ ಸಾಫ್ಟ್‌ವೇರ್ ಕಂಪನಿ ಕಳಿಸಿದ ಒಂದು ಅಪ್‌ಡೇಟ್ ಅದರ ಕರ್ನಲ್ ಡ್ರೈವರಿಗೆ ತಾಗಿ, ಪ್ರಪಂಚದಲ್ಲಿ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿದವು. ನಮ್ಮ ದೇಶದಲ್ಲೂ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟರು. ಅದಕ್ಕೇ ನಾನು ಹೇಳುವುದು, ತೂತು ಇದ್ದರೆ ಮುಚ್ಚಿ ಕೊಡಿ. ಆಗದಿದ್ದರೆ ಮೆಷಿನ್ ಜೊತೆ ಮಾತಾಡುವ ಬಗೆಯನ್ನು ಬಹಿರಂಗ ಮಾಡಿ, ಬೇರೆಯವರು ಬರೆಯುತ್ತಾರೆ. ವಿಂಡೋಸ್‌ನ ಹಾಗೆಯೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಇದೆ, ಲಿನಕ್ಸ್. ಅದರಲ್ಲಿ ಇದು ನಡೆದಿದೆ. ಬಹುಪಾಲು ಡ್ರೈವರ್‌ಗಳು ಕರ್ನಲ್ ಜೊತೆಯಲ್ಲೇ ಬರುತ್ತವೆ. ಸೇನ್ ಅನ್ನುವ ಯೋಜನೆಯಿಂದ, ಕಂಪನಿಯೇ ಕೈಬಿಟ್ಟ ಎಷ್ಟೋ ಸ್ಕ್ಯಾನರ್‌ಗಳು ಇವತ್ತಿಗೂ ಓಡುತ್ತಿವೆ. ವಿಂಡೋಸ್ 11 ಒಪ್ಪದ ಹಳೇ ಪ್ರೊಸೆಸರ್ ನಿಮ್ಮದಾಗಿದ್ದರೆ, ಲಿನಕ್ಸ್‌ನದೇ ಒಂದು ಬಗೆಯಾದ ಲಿನಕ್ಸ್ ಮಿಂಟ್ ಅನ್ನು ಪೆನ್ ಡ್ರೈವಿನಿಂದಲೇ ಓಡಿಸಿ ನೋಡಬಹುದು. ಇನ್‌ಸ್ಟಾಲ್ ಕೂಡ ಮಾಡಬೇಕಿಲ್ಲ.

ಅಪಾಯದ ಡ್ರೈವರ್‌ಗಳನ್ನು ತಡೆಯುವ ಮೆಮೊರಿ ಇಂಟೆಗ್ರಿಟಿ ಅನ್ನುವ ಕಾವಲು ವಿಂಡೋಸ್‌ನಲ್ಲಿದೆ, ಅದನ್ನು ಆಫ್ ಮಾಡಿದರೆ ಹಳೇ ಡ್ರೈವರ್ ನಡೆಯುತ್ತದೆ ಅಂತ ಕೆಲವರು ಹೇಳಿಕೊಡುತ್ತಾರೆ. ಒಂದು ಪ್ರಿಂಟರಿಗೋಸ್ಕರ ಬ್ಯಾಂಕ್ ವ್ಯವಹಾರ ಮಾಡುವ ಕಂಪ್ಯೂಟರಿನ ಕಾವಲು ತೆಗೆಯಬೇಡಿ. ನಾನಂತೂ ತೆಗೆಯುವುದಿಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ಚಿಕ್ಕಮ್ಮನ ಟೇಬಲ್ ಮೇಲೆ ಒಂದು ಚೀಟಿಯಲ್ಲಿ ಫೋನ್ ನಂಬರ್ ಇತ್ತು. ಏನು ಅಂತ ಕೇಳಿದರೆ, ಪ್ರಿಂಟರ್ ಸಹಾಯವಾಣಿ, ಇಂಟರ್‌ನೆಟ್‌ನಲ್ಲಿ ಸಿಕ್ಕಿತು ಅಂದರು. ನನಗೆ ಎದೆ ಝಲ್ ಎಂದಿತು. ಡ್ರೈವರ್ ಹುಡುಕುವವರು ಗಾಬರಿಯಲ್ಲಿ ಇರುತ್ತಾರೆ ಅಂತ ಮೋಸಗಾರರಿಗೆ ಚೆನ್ನಾಗಿ ಗೊತ್ತು. ಕಂಪನಿಯ ಹೆಸರಲ್ಲೇ ನಂಬರ್ ಹಾಕಿರುತ್ತಾರೆ. "ಒಂದು ಆ್ಯಪ್ ಹಾಕಿಕೊಳ್ಳಿ, ನಾವೇ ಸರಿ ಮಾಡ್ತೀವಿ" ಅಂತ ಪರದೆಯನ್ನು ತಮ್ಮ ಕೈಗೆ ತಗೊಳ್ಳುತ್ತಾರೆ. ಮುಂದಿನದು ನಿಮಗೆ ಗೊತ್ತು. ನಂಬರ್ ಬೇಕಿದ್ದರೆ ಪ್ರಿಂಟರಿನ ಡಬ್ಬದ ಮೇಲಿರುವುದನ್ನು ನೋಡಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. "ಎಲ್ಲ ಡ್ರೈವರ್ ಅಪ್‌ಡೇಟ್ ಮಾಡಿಕೊಡುತ್ತೇವೆ" ಅನ್ನುವ ಉಚಿತ ಸಾಫ್ಟ್‌ವೇರ್‌ಗಳನ್ನೂ ನಾನು ಯಾರ ಮನೆಯಲ್ಲೂ ಹಾಕುವುದಿಲ್ಲ.

ಅಪ್‌ಗ್ರೇಡ್ ಇನ್ನೂ ಮಾಡಿಲ್ಲ ಅನ್ನುವವರು ಮೊದಲು ಈ ಒಂದು ಕೆಲಸ ಮಾಡಿ. ಪೆನ್ ಡ್ರೈವಿನಲ್ಲಿ ಒಂದು ಖಾಲಿ ಫೋಲ್ಡರ್ ಮಾಡಿ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಪಿಎನ್‌ಪಿಯುಟಿಲ್ ಅಂತ ಟೈಪ್ ಮಾಡಿ, ಒಂದು ಜಾಗ ಬಿಟ್ಟು ಸ್ಲ್ಯಾಶ್ ಎಕ್ಸ್‌ಪೋರ್ಟ್ ಹೈಫನ್ ಡ್ರೈವರ್, ಜಾಗ ಬಿಟ್ಟು ಸ್ಟಾರ್ ಚಿಹ್ನೆ, ಜಾಗ ಬಿಟ್ಟು ಆ ಫೋಲ್ಡರಿನ ಪೂರ್ತಿ ವಿಳಾಸ, ಪೆನ್ ಡ್ರೈವಿನ ಅಕ್ಷರವೂ ಸೇರಿ. ಪರದೆಯ ಮೇಲೆ ಅಕ್ಷರಕ್ಕೆ ಅಕ್ಷರ ತೋರಿಸುತ್ತಿದ್ದೇನೆ, ಬರೆದುಕೊಳ್ಳಿ. ಮೆಷಿನ್‌ಗೆ ಬೇರೆ ಕಂಪನಿಗಳಿಂದ ಬಂದ ಡ್ರೈವರ್‌ಗಳೆಲ್ಲ ಅದರೊಳಗೆ ಬಂದು ಕೂರುತ್ತವೆ.

ನಾವೂ ಅವತ್ತೇ, ಸ್ಕ್ಯಾನರ್ ಶುರುವಾದ ಮೇಲೆ, ಇದನ್ನು ಮಾಡಿದೆವು. ಆ ಪೆನ್ ಡ್ರೈವ್ ಈಗ ಪ್ರಿಂಟರಿನ ವಾರಂಟಿ ಕಾರ್ಡ್ ಇರುವ ಕವರಿನಲ್ಲೇ ಇದೆ. ಕವರ್ ಮೇಲೆ ಚಿಕ್ಕಮ್ಮ ಕೆಂಪು ಸ್ಕೆಚ್ ಪೆನ್ನಿನಲ್ಲಿ, ಬೋರ್ಡ್ ಮೇಲೆ ಬರೆಯುವ ಹಾಗೆ ದುಂಡಗೆ ಬರೆದಿದ್ದಾರೆ: "ಡ್ರೈವರ್. ಯಾರೂ ಅಳಿಸಬೇಡಿ."