ಉಸಿರಿನ ದಾರಿ ಸಿಗದಿದ್ದಾಗ ಓಟಿಲಿ, ಅಂದ್ರೆ ಆಪರೇಷನ್ ಥಿಯೇಟರಲ್ಲಿ, ಇರೋ ಎಲ್ರೂ ಏನ್ ಮಾಡ್ಬೇಕು

ಎಲ್ರಿಗೂ ನಮಸ್ಕಾರ. ಪಿಜಿ ಓದ್ತಿರೋ ಡಾಕ್ಟ್ರೆಲ್ಲ ಮುಂದೆ ಕೂತಿದೀರ, ಸಿಸ್ಟರ್‌ಗಳು, ಓಟಿ ಟೆಕ್ನಿಷಿಯನ್‌ಗಳು ಹಿಂದೆ ನಿಂತಿದೀರ, ದಯವಿಟ್ಟು ಮುಂದೆ ಬನ್ನಿ, ಕುರ್ಚಿ ಖಾಲಿ ಇದೆ, ಇವತ್ತು ನಾನ್ ಹೇಳೋದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ನಿಮಗೆ ಸಂಬಂಧಪಟ್ಟಿದ್ದು.

ಒಂದು ಕೇಸ್ ಹೇಳ್ತೀನಿ ಮೊದ್ಲು. 2005ರ ಮಾರ್ಚ್ 29, ಇಂಗ್ಲೆಂಡು. ಎಲೇನ್ ಬ್ರೊಮೈಲಿ ಅಂತ 37 ವರ್ಷದ ಹೆಣ್ಮಗಳು, ಎರಡು ಚಿಕ್ಕ ಮಕ್ಕಳ ತಾಯಿ, ಸೈನಸ್ ಆಪರೇಷನ್‌ಗೆ ಅಂತ ಬಂದಿದ್ರು. ಅನಸ್ತೇಷಿಯಾ ಕೊಟ್ಟಾಯ್ತು, ಎಲ್‌ಎಂಎ, ಅಂದ್ರೆ ಗಂಟಲೊಳಗೆ ಕೂರಿಸೋ ಉಸಿರಿನ ಮಾಸ್ಕು, ಕೂರ್ಲಿಲ್ಲ, ಸ್ವಲ್ಪ ನಿಮಿಷದಲ್ಲೇ ಸ್ಯಾಚುರೇಷನ್, ಅಂದ್ರೆ ರಕ್ತದಲ್ಲಿರೋ ಆಕ್ಸಿಜನ್, ನೂರಕ್ಕೆ 40ಕ್ಕೆ ಬಂತು, ಮುಖದ ಮೇಲಿಡೋ ಮಾಸ್ಕ್‌ನಲ್ಲೂ ಗಾಳಿ ಹೋಗ್ತಿಲ್ಲ, ಶ್ವಾಸನಾಳಕ್ಕೆ ಟ್ಯೂಬೂ ಹೋಗ್ತಿಲ್ಲ. ರೂಮಲ್ಲಿ ಮೂರು ಜನ ಅನುಭವಸ್ಥ ಡಾಕ್ಟ್ರು ಇದ್ರು, ಅದ್ರಲ್ಲಿ ಒಬ್ರು ಇಎನ್‌ಟಿ ಸರ್ಜನ್, ಅಂದ್ರೆ ಕುತ್ತಿಗೆ ತೆರೆಯೋಕೆ ಗೊತ್ತಿರೋರೇ. ಆದ್ರೂ ಟ್ಯೂಬ್ ಹಾಕೋ ಪ್ರಯತ್ನ 20 ನಿಮಿಷಕ್ಕಿಂತ ಜಾಸ್ತಿ ನಡೀತಾನೇ ಇತ್ತು. ಒಬ್ಬ ಸಿಸ್ಟರ್ ಟ್ರೇಕಿಯಾಸ್ಟಮಿ ಸೆಟ್, ಅಂದ್ರೆ ಕುತ್ತಿಗೆ ತೆರೆದು ಉಸಿರಿನ ದಾರಿ ಮಾಡೋ ಸಾಮಾನು, ತಂದು ರೆಡಿ ಇದೆ ಅಂದ್ರು, ಇನ್ನೊಬ್ರು ಐಸಿಯು ಬೆಡ್ ಹೇಳಿಟ್ಟು ಬಂದ್ರು, ಡಾಕ್ಟ್ರ ಮುಖ ನೋಡಿ ನಾನೇ ಅತಿ ಮಾಡ್ತಿದೀನೇನೋ ಅನ್ಸಿ ಬೆಡ್ ಬೇಡ ಅಂತ ವಾಪಸ್ ಹೇಳಿದ್ರು. 13 ದಿನ ಆದ್ಮೇಲೆ ಎಲೇನ್ ತೀರ್ಕೊಂಡ್ರು.

ಅವ್ರ ಗಂಡ ಮಾರ್ಟಿನ್ ಬ್ರೊಮೈಲಿ ವಿಮಾನದ ಪೈಲಟ್. ವಿಮಾನದಲ್ಲಿ ಏನೇ ಆದ್ರೂ ತನಿಖೆ ಆಗತ್ತೆ, ಇಲ್ಲಿ ಯಾಕಿಲ್ಲ ಅಂತ ಹಿಡಿದು ಕೇಳಿ ಸ್ವತಂತ್ರ ವಿಚಾರಣೆ ಮಾಡಿಸಿದ್ರು, ಚಿಕಿತ್ಸೆ ಹೊತ್ತಲ್ಲಿ ಮನುಷ್ಯರು ಹೇಗೆ ಯೋಚಿಸ್ತಾರೆ, ತಂಡವಾಗಿ ಹೇಗೆ ಕೆಲ್ಸ ಮಾಡ್ತಾರೆ ಅಂತ ನೋಡೋ ಕ್ಲಿನಿಕಲ್ ಹ್ಯೂಮನ್ ಫ್ಯಾಕ್ಟರ್ಸ್ ಗ್ರೂಪನ್ನ 2007ರಲ್ಲಿ ಶುರು ಮಾಡಿದ್ರು. ಈ ಕೇಸ್ ಓದಿದಾಗೆಲ್ಲ ನನಗೆ ಆ ಇಬ್ರು ಸಿಸ್ಟರ್‌ಗಳೇ ಕಣ್ಮುಂದೆ ಬರ್ತಾರೆ. ಏನ್ ಮಾಡ್ಬೇಕು ಅಂತ ಅವ್ರಿಗೆ ಗೊತ್ತಿತ್ತು. ಆ ಮಾತು ಕಿವಿಗೆ ಬೀಳೋ ಥರ ಹೇಳೋದನ್ನ ಯಾರೂ ಅವ್ರಿಗೆ ಪ್ರಾಕ್ಟೀಸ್ ಮಾಡ್ಸಿರ್ಲಿಲ್ಲ.

ನಮ್ಮತ್ರ ಇರೋ ಟೈಮ್ ಎಷ್ಟು ಅಂತ ನೋಡಿ. ಆರೋಗ್ಯವಂತ ದೊಡ್ಡೋರಿಗೆ ಮೊದ್ಲೇ ಮಾಸ್ಕ್ ಹಾಕಿ ಮೂರು ನಿಮಿಷ ಪೂರ್ತಿ ಆಕ್ಸಿಜನ್ ಕೊಟ್ಟಿದ್ರೆ, ಉಸಿರು ನಿಂತ ಮೇಲೆ ಸುಮಾರು ಎಂಟು ನಿಮಿಷದವರೆಗೂ ಸ್ಯಾಚುರೇಷನ್ ತಡ್ಕೊಳ್ಳತ್ತೆ, ತುಂಬಾ ದಪ್ಪ ಇರೋರಲ್ಲಿ ಮೂರು ನಿಮಿಷನೂ ಸಿಗಲ್ಲ, ತುಂಬು ಗರ್ಭಿಣಿಯರಲ್ಲೂ ಬೇಗ ಇಳಿಯತ್ತೆ. ಲಾರಿಂಗೋಸ್ಕೋಪ್, ಅಂದ್ರೆ ಟ್ಯೂಬ್ ಹಾಕೋಕೆ ಗಂಟಲೊಳಗೆ ನೋಡೋ ಸಾಧನ, ಹಿಡಿದೋರಿಗೆ ಮಾತ್ರ ಟೈಮ್ ಹೋಗಿದ್ದೇ ತಿಳಿಯಲ್ಲ, ನಾನೇ ಒಂದ್ಸಲ ಮ್ಯಾನಿಕಿನ್, ಅಂದ್ರೆ ತರಬೇತಿ ಗೊಂಬೆ, ಮೇಲೆ ಮಾಡ್ತಾ ಒಂದು ನಿಮಿಷ ಆಗಿರಬಹುದು ಅನ್ಕೊಂಡಿದ್ದೆ, ಪಕ್ಕದಲ್ಲಿ ಗಡಿಯಾರ ನೋಡ್ತಿದ್ದ ಟೆಕ್ನಿಷಿಯನ್ ನಾಲ್ಕು ನಿಮಿಷ ಆಯ್ತು ಮೇಡಮ್ ಅಂದ್ರು. ಆವತ್ತಿಂದ ನಮ್ಮ ಓಟಿಲಿ ಟೈಮ್ ಕೂಗೋಕೆ ಅಂತಲೇ ಒಬ್ರನ್ನ ನಿಲ್ಲಿಸ್ತೀನಿ.

ಬ್ರಿಟನ್‌ನಲ್ಲಿ 2008ರ ಸೆಪ್ಟೆಂಬರ್‌ನಿಂದ ಒಂದು ವರ್ಷ ದೇಶದ ಆಸ್ಪತ್ರೆಗಳಿಂದೆಲ್ಲ ಇಂಥ ಕೇಸ್‌ಗಳನ್ನ ಕಲೆಹಾಕಿದ್ರು, ನ್ಯಾಪ್ 4 ಅಂತ ವರದಿ, 2011ರಲ್ಲಿ ಬಂತು. ಕುತ್ತಿಗೆಗೆ ಸಣ್ಣ ಸೂಜಿ ಕ್ಯಾನುಲಾ ಹಾಕಿ ಗಾಳಿ ಕೊಡೋಕೆ ಹೋದಾಗ ನೂರಕ್ಕೆ ಸುಮಾರು 60 ಸಲ ಫೇಲ್ ಆಗಿತ್ತು. ಬ್ರಿಟನ್ನಿನ ಡಿಫಿಕಲ್ಟ್ ಏರ್‌ವೇ ಸೊಸೈಟಿ 2015ರಲ್ಲಿ ಕೊಟ್ಟ ಗೈಡ್‌ಲೈನ್ ಕುತ್ತಿಗೆ ಕೊಯ್ದು ದಾರಿ ಮಾಡೋಕೆ ಮೂರೇ ಸಾಮಾನು ಹೇಳತ್ತೆ, 10 ನಂಬರ್ ಬ್ಲೇಡು, ಟ್ಯೂಬ್‌ಗೆ ದಾರಿ ತೋರ್ಸೋ ಬಾಗೋ ಕಡ್ಡಿ ಬೂಜಿ, 6 ಸೈಜಿನ, ಗಾಳಿ ತುಂಬೋ ಕಫ್ ಇರೋ ಟ್ಯೂಬು. ನಮ್ಮ ಆಲ್ ಇಂಡಿಯಾ ಡಿಫಿಕಲ್ಟ್ ಏರ್‌ವೇ ಅಸೋಸಿಯೇಷನ್‌ದು 2016ರಲ್ಲಿ ಬಂತು. ಮೂಗಲ್ಲಿ ಆಕ್ಸಿಜನ್ ಬಿಟ್ಕೊಂಡೇ ಇರಿ, ಲಾರಿಂಗೋಸ್ಕೋಪಿ ಮೂರು ಸಲಕ್ಕಿಂತ ಜಾಸ್ತಿ ಬೇಡ, ಎಲ್‌ಎಂಎ ಥರದ್ದು ಎರಡು ಸಲ, ಆಮೇಲೆ ಕೊನೇದಾಗಿ ಒಂದ್ಸಲ ಮಾಸ್ಕ್, ಅದೂ ಆಗ್ಲಿಲ್ವಾ, ಕುತ್ತಿಗೆಯಿಂದ ದಾರಿ ಮಾಡಿ. ಎರಡನ್ನೂ ಓದಿದ್ರೆ ಹತ್ತು ನಿಮಿಷದಲ್ಲಿ ಅರ್ಥ ಆಗತ್ತೆ, ನಿಂತ ಕಾಲಲ್ಲಿ ಮಾನಿಟರ್ ಸದ್ದು ಇಳೀತಾ ಇರ್ವಾಗ ಮೂರನೇದು ಆಯ್ತು ನಿಲ್ಲಿಸ್ತೀನಿ ಅಂತ ಬಾಯ್ಬಿಟ್ಟು ಹೇಳೋದು ಮಾತ್ರ ಓದಿದ್ರೆ ಬರಲ್ಲ, ಅದಕ್ಕೇ ಸಿಮ್ಯುಲೇಷನ್, ಅಂದ್ರೆ ನಿಜವಾದ ಕೇಸ್ ಥರಾನೇ ಆಡಿ ಮಾಡೋ ಅಭ್ಯಾಸ, ಬೇಕಾಗಿರೋದು.

ಸ್ಟ್ಯಾನ್‌ಫರ್ಡ್‌ನಲ್ಲಿ ಡೇವಿಡ್ ಗಾಬಾ ಅನ್ನೋ ಅನಸ್ತೇಷಿಯಾ ಡಾಕ್ಟ್ರು 1980ರ ದಶಕದಲ್ಲೇ ಪೈಲಟ್‌ಗಳ ತರಬೇತಿ ನೋಡ್ಕೊಂಡು ಅದನ್ನ ಓಟಿಗೆ ತಂದ್ರು, ಗೊಂಬೆ ಜೊತೆಗೆ ತಂಡ, ಗಲಾಟೆ, ಕೊನೆಗೆ ಕೂತು ಮಾತಾಡೋದು ಎಲ್ಲ ಸೇರಿಸಿ. ಆ ಕೊನೇ ಮಾತುಕತೆನೇ ನನಗೆ ದೊಡ್ಡದು. ಹತ್ತು ನಿಮಿಷ ಸೀನ್ ಆಡಿದ್ರೆ ಅರ್ಧ ಗಂಟೆ ಮಾತು. ಯಾರು ತಪ್ಪು ಮಾಡಿದ್ರು ಅಂತ ಕೆದಕೋದಲ್ಲ ಅದು, ಆ ಹೊತ್ತಿಗೆ ನಿಮ್ಮ ತಲೇಲಿ ಏನ್ ಓಡ್ತಿತ್ತು ಅಂತ ಕೇಳ್ಬೇಕು, ಪಿಜಿ ಬೈಸ್ಕೊಳ್ತೀನಿ ಅಂತ ಹೆದರಿದ್ರೆ ಅಲ್ಲಿಗೆ ಕಲಿಕೆ ಮುಗೀತು.

ಇನ್ನು ನಮ್ಮ ಕಡೆ ಸಮಸ್ಯೆ. ಮ್ಯಾನಿಕಿನ್ ಬಾಯಿ ಚೆನ್ನಾಗಿ ತೆಗಿಯತ್ತೆ, ಕುತ್ತಿಗೆ ಚೆನ್ನಾಗಿ ಬಾಗತ್ತೆ. ನಮ್ಮ ಟೇಬಲ್ ಮೇಲೆ ಬರೋರು ಯಾರು? ಹದಿನೈದು ವರ್ಷ ಗುಟ್ಕಾ ಜಗಿದು ಬಾಯಲ್ಲಿ ಮೂರು ಬೆರಳಿರ್ಲಿ ಒಂದೂವರೆ ಬೆರಳೂ ಹೋಗ್ದಿರೋರು, ಸುಟ್ಟ ಗಾಯ ಒಣಗಿ ಗದ್ದ ಎದೆಗೆ ಅಂಟ್ಕೊಂಡಿರೋ ಹುಡುಗಿ, ಹಲ್ಲಿನ ಕೀವು ಗದ್ದದ ಕೆಳಗೆ ಇಳಿದು ನಾಲಿಗೆ ಮೇಲೆದ್ದಿರೋರು. ಹಾಗಾಗಿ ಮ್ಯಾನಿಕಿನ್ ದವಡೆಗೆ ಪ್ಲಾಸ್ಟರ್ ಸುತ್ತಿ, ಕುತ್ತಿಗೆಗೆ ಕಾಲರ್ ಹಾಕಿ. ಇಂಥೋರು ಬರ್ತಾರೆ ಅಂತ ಮೊದ್ಲೇ ಗೊತ್ತಿದ್ರೆ ಎಚ್ಚರ ಇರ್ವಾಗ್ಲೇ ಫೈಬರ್‌ಆಪ್ಟಿಕ್ ಸ್ಕೋಪ್, ಅಂದ್ರೆ ಒಳಗೆ ನೋಡೋ ಬಾಗೋ ಸಣ್ಣ ನಳಿಕೆ, ಇಟ್ಕೊಂಡು ಟ್ಯೂಬ್ ಹಾಕೋದು, ರೋಗಿ ಜೊತೆ ಮಾತಾಡ್ತಾ ಧೈರ್ಯ ಹೇಳ್ತಾ ಮಾಡೋದು, ಅದನ್ನೂ ಅಭ್ಯಾಸ ಮಾಡ್ಬೇಕು.

ಕುತ್ತಿಗೆ ಕೊಯ್ಯೋದಕ್ಕೆ ದುಬಾರಿ ಮಾಡೆಲ್ ಬೇಕಿಲ್ಲ. ಮಟನ್ ಅಂಗಡೀಲಿ ಹೇಳಿದ್ರೆ ಗಂಟಲ ಸಮೇತ ಮೇಕೆ ಶ್ವಾಸನಾಳ ಕೊಡ್ತಾರೆ, ಮೇಲೆ ತೆಳು ಫೋಮ್ ಸುತ್ತಿ ಚರ್ಮ ಅನ್ಕೊಳ್ಳಿ. ಎಡಗೈಲಿ ಗಂಟಲು ಹಿಡಿದು ಗಂಟಲ ಗಂಟಿನ ಕೆಳಗಿರೋ ತಗ್ಗು ಹುಡುಕಿ, ಬ್ಲೇಡ್ ಅಡ್ಡಕ್ಕೆ ಚುಚ್ಚಿ, ಚೂಪು ಕಡೆ ಕಾಲಿನತ್ತ ತಿರುಗಿಸಿ, ಬ್ಲೇಡ್ ಪಕ್ಕದಲ್ಲೇ ಬೂಜಿ ಜಾರಿಸಿ, ಅದರ ಮೇಲೆ ಟ್ಯೂಬ್. ದಪ್ಪ ಕುತ್ತಿಗೇಲಿ ತಗ್ಗು ಕೈಗೆ ಸಿಗ್ದಿದ್ರೆ ಮೊದ್ಲು ನಡುವೆ ಉದ್ದಕ್ಕೆ 8ರಿಂದ 10 ಸೆಂಟಿಮೀಟರ್ ಕೊಯ್ದು ಬೆರಳಲ್ಲಿ ಹುಡುಕ್ಬೇಕು. ಮೊದಲ ಸಲ ಎಲ್ರ ಕೈನೂ ನಡುಗತ್ತೆ, ಐದನೇ ಸಲಕ್ಕೆ ಕೈಗೇ ದಾರಿ ಗೊತ್ತಿರತ್ತೆ.

ನನ್ನ ಒಂದೇ ಬೇಡಿಕೆ ಇರೋದು, ಈ ತರಬೇತಿ ದೂರದ ಸಿಮ್ಯುಲೇಷನ್ ಲ್ಯಾಬಲ್ಲಿ ಡಾಕ್ಟ್ರಿಗೆ ಮಾತ್ರ ಆಗ್ಬಾರ್ದು. ನಮ್ಮದೇ ಓಟಿಲಿ, ನಮ್ಮದೇ ಟ್ರಾಲಿ ಇಟ್ಕೊಂಡು, ರಾತ್ರಿ ಡ್ಯೂಟಿ ಮಾಡೋ ಸಿಸ್ಟರ್‌ನ ಸೇರಿಸ್ಕೊಂಡು ಮಾಡಿದ್ರೇನೇ ಬೂಜಿ ಎರಡನೇ ಡ್ರಾಯರಲ್ಲಿ ಇಲ್ಲ, ಸ್ಟೋರ್ ರೂಮಲ್ಲಿ ಬೀಗ ಹಾಕಿದೆ ಅನ್ನೋದು ಬೆಳಕಿಗೆ ಬರತ್ತೆ. ಸೀನಿಯರ್ ಎದುರು ಟೆಕ್ನಿಷಿಯನ್ ಜೋರಾಗಿ 'ಸರ್, ಮೂರು ಸಲ ಆಯ್ತು, ಸ್ಯಾಚುರೇಷನ್ 70, ಕುತ್ತಿಗೆ ಸೆಟ್ ತೆಗ್ದಿದೀನಿ' ಅಂತ ಹೇಳೋದನ್ನ ಹತ್ತು ಸಲ ಆಡ್ಸಿ, ಆ ಸೀನಿಯರ್ ಹತ್ರ 'ಥ್ಯಾಂಕ್ಸ್, ನಿಲ್ಲಿಸ್ತೀನಿ' ಅಂತ ಉತ್ತರನೂ ಹತ್ತು ಸಲ ಹೇಳ್ಸಿ.

ಪಕ್ಕದ ರೂಮಲ್ಲಿ ನಾಲ್ಕು ಟೇಬಲ್ ಹಾಕಿದೀವಿ, ಮೇಕೆ ಶ್ವಾಸನಾಳ ಬೆಳಿಗ್ಗೆನೇ ತಂದಿರೋದು, ಗ್ಲೌಸ್ ಬಾಗಿಲ ಹತ್ರ ಇದೆ. ಸಿಸ್ಟರ್‌ಗಳು, ಟೆಕ್ನಿಷಿಯನ್‌ಗಳು ಮೊದ್ಲು ಬನ್ನಿ, ಪಿಜಿಗಳು ಗಡಿಯಾರ ಹಿಡ್ಕೊಳ್ಳಿ.