1870ರ ಗೋಡೆ, ಮೆಲ್ವೀನಿಯಾಳ ಅಕ್ಕಪಕ್ಕ

ಎಲ್ರಿಗೂ ನಮಸ್ಕಾರ. ಹಿಂದೆ ಕೂತಿರೋರಿಗೆ ಕೇಳಿಸ್ತಿದ್ಯಾ? ಸರಿ.

ಅಮೆರಿಕದಲ್ಲಿ ಗುಲಾಮರಾಗಿದ್ದವರ ವಂಶ ಹುಡುಕೋದು ಹೇಗೆ, ಇದು ಇವತ್ತಿನ ಮಾತು. ನಾನು ಈ ವಿಷಯ ತಗೊಂಡಿದ್ದಕ್ಕೆ ಕಾರಣ ನನ್ನ ಮೊಮ್ಮಗಳು. ನಿಮ್ಮಲ್ಲಿ ತುಂಬಾ ಜನಕ್ಕೆ ಗೊತ್ತು, ನಮ್ಮ ಅಳಿಯಂದಿರು ಜಾರ್ಜಿಯಾದ ಕಪ್ಪು ಅಮೆರಿಕನ್ ಮನೆತನದವ್ರು. ಸ್ಕೂಲಲ್ಲಿ ವಂಶವೃಕ್ಷ ಬರ್ಕೊಂಡು ಬಾ ಅಂದಿದ್ರು. ನಮ್ಮ ಕಡೇದು ನಾನೇ ಏಳು ತಲೆಮಾರು ಹೇಳಿದೆ, ವಂಶಾವಳಿ ಹೇಳೋ ಹೆಳವರು ಊರಿಗೆ ಬಂದು ಒಪ್ಪಿಸ್ತಿದ್ದದ್ದು ಇನ್ನೂ ಕಿವೀಲಿದೆ. ಅವಳಪ್ಪನ ಕಡೆ 1870ಕ್ಕೆ ನಿಂತೋಯ್ತು, ಅದರ ಮೇಲೆ ಬರೀ ಖಾಲಿ ಚೌಕ. "ಅಜ್ಜಿ, ಅವ್ರಿಗೆ ಅಪ್ಪ ಅಮ್ಮ ಇರ್ಲಿಲ್ವಾ?" ಅಂದ್ಲು. ಆ ಮಾತು ಕೇಳಿದ್ಮೇಲೆ ನಂಗೆ ಸುಮ್ನೆ ಕೂರೋಕೆ ಆಗ್ಲಿಲ್ಲ.

ಯಾಕೆ 1870? ಅಮೆರಿಕದಲ್ಲಿ 1790ರಿಂದ ಹತ್ತು ವರ್ಷಕ್ಕೊಂದ್ಸಲ ಜನಗಣತಿ ನಡೀತಾ ಬಂದಿದೆ, 1850ರಿಂದ ಮನೇಲಿರೋ ಸ್ವತಂತ್ರರೆಲ್ಲರ ಹೆಸರೂ ಬರ್ಕೊಂಡ್ರು. ಗುಲಾಮರಿಗೆ ಮಾತ್ರ ಬೇರೆ ಪಟ್ಟಿ. ಮೇಲೆ ಯಜಮಾನನ ಹೆಸರು, ಕೆಳಗೆ ಒಂದೊಂದು ಸಾಲಲ್ಲಿ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ, ಅಷ್ಟೇ. 1860ರಲ್ಲಿ ಗುಲಾಮರಾಗಿ ಎಣಿಕೆಗೆ ಬಂದವ್ರು 39 ಲಕ್ಷಕ್ಕೂ ಜಾಸ್ತಿ. 1865ರಲ್ಲಿ ಗುಲಾಮಗಿರಿ ಹೋಯ್ತು, ಅದಾದ್ಮೇಲೆ ಬಂದ ಮೊದಲ ಗಣತೀನೇ 1870ರದ್ದು. ಹುಡುಕೋರು ಇದನ್ನ '1870ರ ಗೋಡೆ' ಅಂತಾರೆ.

ಈ ಗೋಡೆ ದಾಟೋಕೆ ನಂಗೆ ಧೈರ್ಯ ಕೊಟ್ಟಿದ್ದು ಮೆಲ್ವೀನಿಯಾ. ಯಾರು ಅಂತೀರಾ, ಮಿಶೆಲ್ ಒಬಾಮಾ ಇದಾರಲ್ಲ, ಅವರ ತಾಯಿಯ ತಂದೆಗೆ ಈಕೆ ಮುತ್ತಜ್ಜಿ. 1850ರಲ್ಲಿ ಸೌತ್ ಕೆರೊಲಿನಾದ ಪ್ಯಾಟರ್ಸನ್ ಅನ್ನೋ ವಯಸ್ಸಾದ ಜಮೀನ್ದಾರ ವಿಲ್ ಬರೆಸ್ದ. ಅದರಲ್ಲಿ ನೂಲೋ ರಾಟೆ, ಕುಡುಗೋಲು, ಮೇಜಿನ ಬಟ್ಟೆ, ದನಕರು, ಇವುಗಳ ಜೊತೆಗೇ ಒಂದು ಪುಟ್ಟ ಹುಡುಗಿ, 'ನೀಗ್ರೋ ಹುಡುಗಿ ಮೆಲ್ವೀನಿಯಾ'. ಆಮೇಲೆ ಆಸ್ತಿಗೆ ಬೆಲೆ ಕಟ್ಟಿದಾಗ ಅವಳಿಗೆ ಹಾಕಿದ್ದು 475 ಡಾಲರ್. ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿಟ್ಟು ಹೊರಗೆ ಹೋಗಿ ನಿಂತ್ಕೊಂಡಿದ್ದೆ. ಆದ್ರೆ ನೋಡಿ, ಸರ್ಕಾರದ ಗಣತಿ ಬರೀದೇ ಇದ್ದ ಹೆಸರು ಆಸ್ತಿ ಪತ್ರದಲ್ಲಿ ಉಳ್ಕೊಂಡಿದೆ. ಅದಕ್ಕೇ ನಾನು ಹೇಳೋದು, ನಿಮ್ಮವರನ್ನಷ್ಟೇ ಹುಡುಕ್ಬೇಡಿ, ಅಕ್ಕಪಕ್ಕ ನೋಡಿ, ಅವರನ್ನ ಇಟ್ಕೊಂಡಿದ್ದವರ ಕಾಗದ ನೋಡಿ, ಎಷ್ಟೇ ಸಂಕಟ ಆದ್ರೂ ನೋಡಿ.

ಪ್ಯಾಟರ್ಸನ್ ಸತ್ತ ಮೇಲೆ ಹುಡುಗೀನ ಅವನ ಮಗಳ ಮನೆಗೆ, ಜಾರ್ಜಿಯಾಕ್ಕೆ ಕಳ್ಸಿದ್ರು, ಶೀಲ್ಡ್ಸ್ ಅನ್ನೋರ ಹೊಲಕ್ಕೆ. ಅಲ್ಲಿ ಅವಳಿಗೆ 15ರ ಆಸುಪಾಸಲ್ಲಿ ಡಾಲ್ಫಸ್ ಅನ್ನೋ ಮಗ ಹುಟ್ಟಿದ. ಅಪ್ಪ ಯಾರು ಅಂತ ಅವಳು ಹೇಳಿದ ದಾಖಲೆ ಇಲ್ಲ, ಆದ್ರೆ ಒಂದೂವರೆ ಶತಮಾನದ ಮೇಲೆ ಡಿಎನ್‌ಎ ಪರೀಕ್ಷೆ ಆ ಯಜಮಾನನ ಕುಟುಂಬದ ಕಡೆಗೇ ಬೆರಳು ತೋರಿಸ್ತು. 1870ರ ಗಣತೀಲಿ ಅವಳಿಗೆ 26 ವರ್ಷ, ಹೊಲದ ಕೂಲಿ, ನಾಲ್ಕು ಮಕ್ಕಳು, ಅದರಲ್ಲಿ ಮೂರಕ್ಕೆ ಮಿಶ್ರವರ್ಣ ಅಂತ ಗುರುತು.

ನಂಗೆ ತುಂಬಾ ಇಷ್ಟ ಆಗೋದು ಇದರ ಮುಂದಿನ ಕಥೆ. ಆಕೆ ಎಷ್ಟೋ ವರ್ಷದ ಮೇಲೆ ಆ ಜಾಗ ಬಿಟ್ಟು, ಅಲಬಾಮಾ ಗಡಿ ಹತ್ರದ ಬಾರ್ಟೋ ಕೌಂಟಿಗೆ ಹೋದ್ಲು. ಅಲ್ಲಿ ಅಕ್ಕಪಕ್ಕದಲ್ಲಿ ಇದ್ದವ್ರು ಯಾರು ಗೊತ್ತಾ? ಮರಾಯಾ ಮತ್ತೆ ಬೋಲಸ್ ಈಸ್ಲಿ, ಸೌತ್ ಕೆರೊಲಿನಾದಲ್ಲಿ ಅದೇ ಪ್ಯಾಟರ್ಸನ್ ಜಮೀನಲ್ಲಿ ಗುಲಾಮರಾಗಿದ್ದವ್ರು! ಎಲ್ಲಿಂದ ಕಿತ್ತು ಎಲ್ಲಿಗೆ ಎಸೆದ್ರೂ ಒಬ್ಬರನ್ನೊಬ್ಬರು ಹುಡುಕ್ಕೊಂಡಿದಾರೆ. ಡಾಲ್ಫಸ್ಸು ಅವರ ಮಗಳು ಆಲಿಸ್‌ನ ಮದ್ವೆ ಆದ, ಬಾಲ್ಯದ ನೆರೆಹೊರೆ ಬೀಗರಾದ್ರು. ಈ ಹುಡುಗ ಮುಂದೆ ಅಲಬಾಮಾದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಬಡಗಿಯಾಗಿ ಹೆಸರು ಮಾಡ್ದ, ಚರ್ಚು ಕಟ್ಟೋರ ಜೊತೆ ನಿಂತ. ಮೆಲ್ವೀನಿಯಾ 1938ರಲ್ಲಿ ತೀರ್ಕೊಂಡ್ಲು. ಮರಣಪತ್ರದಲ್ಲಿ ಅಪ್ಪ ಅಮ್ಮನ ಹೆಸರಿನ ಜಾಗದಲ್ಲಿ ಬರ್ದಿರೋದು 'ಗೊತ್ತಿಲ್ಲ'.

ಸಮಯ ಆಯ್ತು ಅಂತ ಅಧ್ಯಕ್ಷರು ವಾಚು ತೋರಿಸ್ತಿದಾರೆ, ಐದು ನಿಮಿಷ ಸಾರ್. ಬೇರೆ ದಾರಿಗಳು ಬೇಗ ಹೇಳ್ತೀನಿ. ಫ್ರೀಡ್‌ಮನ್ಸ್ ಬ್ಯಾಂಕ್, ಅಂದ್ರೆ ಬಿಡುಗಡೆಯಾದ ಗುಲಾಮರಿಗೆ ಅಂತ ಇದ್ದ ಬ್ಯಾಂಕು, 1865ರಿಂದ 1874ರವರೆಗೆ ಇತ್ತು, ಖಾತೆ ತೆಗೆಯೋರ ಹತ್ರ ಅಪ್ಪ ಅಮ್ಮ, ಅಣ್ಣತಮ್ಮ ಎಲ್ಲರ ಹೆಸರು ಕೇಳಿ ಬರ್ಕೊಳ್ತಿದ್ರು. ಸೈನ್ಯದ ಪಿಂಚಣಿ ಫೈಲುಗಳಂತೂ ಬಿಡ್ಲೇಬೇಡಿ. ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿ ಉಳಿಸೋಕೆ ಹೊರಟ ದಕ್ಷಿಣದ ವಿರುದ್ಧ, ಉತ್ತರದ ಪರ ಸುಮಾರು 1,79,000 ಕಪ್ಪು ಸೈನಿಕರು ಇದ್ರು, ಸತ್ತವರ ಹೆಂಡ್ತಿ ಪಿಂಚಣಿ ಕೇಳಿದ್ರೆ ಮದ್ವೆ ಆಗಿದ್ದು ಸಾಬೀತು ಮಾಡ್ಬೇಕು, ಗುಲಾಮರ ಮದ್ವೆಗೆ ಕಾನೂನೇ ಇರ್ಲಿಲ್ವಲ್ಲ, ಹಾಗಾಗಿ ಜೊತೇಲಿದ್ದವ್ರು ಬಂದು ಸಾಕ್ಷಿ ಹೇಳ್ತಿದ್ರು, ನಾನು ಕಂಡಿದೀನಿ, ಇವಳ ಹೆರಿಗೆಗೆ ನಾನೇ ಹೋಗಿದ್ದೆ ಅಂತ. ಮತ್ತೆ ಅಕ್ಕಪಕ್ಕವೇ ನೋಡಿ!

ನ್ಯೂ ಆರ್ಲಿಯನ್ಸ್‌ನ ಒಂದು ಚರ್ಚ್ ಪತ್ರಿಕೇಲಿ ಕಳೆದುಹೋದವರನ್ನ ಹುಡುಕೋ ಜಾಹೀರಾತು ಬರ್ತಿತ್ತು, 50 ಸೆಂಟು ಕೊಟ್ಟು ಹಾಕಿಸ್ತಿದ್ರು, ಪಾದ್ರಿಗಳು ಅದನ್ನ ಚರ್ಚಲ್ಲಿ ಗಟ್ಟಿಯಾಗಿ ಓದ್ತಿದ್ರು. ಅಮ್ಮನ ಹೆಸರು ಇಂಥದ್ದು, ಇಂಥವನು ಮಾರ್ದ, ಯಾರಾದ್ರೂ ನೋಡಿದೀರಾ ಅಂತ. ಅದರ ಬಗ್ಗೆ ಇನ್ನೊಂದಿನ ಪೂರ್ತಿ ಮಾತಾಡ್ತೀನಿ. 1890ರ ಗಣತಿ ಹುಡುಕ್ಬೇಡಿ, 1921ರ ಬೆಂಕೀಲಿ ಕೆಟ್ಟು ಬಹುಪಾಲು ಹಾಳಾಯ್ತು.

ಕೊನೇದಾಗಿ ನಮ್ಮ ಅಳಿಯಂದಿರ ವಿಷಯ. 1870ರ ಆ ಹಾಳೆ ಮತ್ತೆ ತೆಗೆದು, ಈ ಸಲ ಅವರ ಪೂರ್ವಜರ ಸಾಲು ಬಿಟ್ಟು ಮೇಲೆ ಕೆಳಗೆ ಓದಿದ್ವಿ. ಎರಡೇ ಮನೆ ಆಚೆಗೆ ಅದೇ ಅಡ್ಡಹೆಸರಿನ ಬಿಳಿಯರ ಮನೆ ಇದೆ, ಇವರನ್ನ ಇಟ್ಕೊಂಡಿದ್ದವ್ರು ಅವ್ರೇ ಇರ್ಬಹುದು. ಆ ಮನೆಯ ಹಿರಿಯ 1850ರ ದಶಕದಲ್ಲಿ ತೀರ್ಕೊಂಡಿದಾನೆ, ಅವನ ಆಸ್ತಿ ಪಟ್ಟಿ ಕೌಂಟಿ ಕೋರ್ಟಲ್ಲಿದೆ. ಬರೋ ತಿಂಗಳು ನಾನು, ಅಳಿಯಂದಿರು, ಮೊಮ್ಮಗಳು ಮೂರೂ ಜನ ಹೋಗ್ತಿದೀವಿ. ಅವಳು ಆಗ್ಲೇ ಪೆನ್ಸಿಲ್ ಕೆತ್ತಿಟ್ಕೊಂಡಿದಾಳೆ.